ಪೂಜೆ ನಿಂತ ಕಲ್ಲು

"ಏಳ್ನೇ ಕ್ಲಾಸು ದಾಟಕ್ಕಾಗ್ದೋನು ನಂಗೆ ಕಾನೂನು ಏಳ್ತಾನೆ ಕಣ್ರಪ್ಪಾ," ಎಂದು ಸಾರಾಯಿ ಕಂಟ್ರಾಕ್ಟರ್ ವೆಂಕಟರಮಣಪ್ಪ ಹೇಳಿದಾಗ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಲಕ್ಷ್ಮಯ್ಯನ ತಂದೆ, ಮುನೇಶ್ವರನ ಪೂಜಾರಿ ಚಿಕ್ಕಬೈರಪ್ಪನೂ ನಕ್ಕ. ಮಗನಿಗೆ ಚುಚ್ಚಿದ್ದು ಆ ನಗು.

ಲಕ್ಷ್ಮಯ್ಯ ಹೇಳಿದ್ದು ಇಷ್ಟೆ: ಗುಡಿಯ ಹತ್ತಿರ ಸಾರಾಯಿ ಅಂಗಡಿಗೆ ಸರ್ಕಾರ ಲೈಸೆನ್ಸ್ ಕೊಡುವುದಿಲ್ಲ. ಪೀಣ್ಯದ ಫ್ಯಾಕ್ಟರಿಗಳಿಂದ ರಾಜಗೋಪಾಲನಗರಕ್ಕೆ ಬರುವ ದಾರಿಯಲ್ಲಿ, ಮುನೇಶ್ವರನ ಕಲ್ಲಿನ ಎದುರಿಗೇ, ಚಿಕ್ಕಬೈರಪ್ಪ ಬಾಡಿಗೆಗೆ ಕೊಡಲಿದ್ದ ಜಾಗದಲ್ಲೇ ಅಂಗಡಿ ಏಳುವುದಿತ್ತು. ಅದರ ಪಕ್ಕದ ಮನೆ ಲಕ್ಷ್ಮಯ್ಯನ ಅಕ್ಕ ಕೃಷ್ಣಮ್ಮನದು. ಅವಳ ಗಂಡ ಸೊಣ್ಣಪ್ಪ ಕುಡಿತ ಬಿಟ್ಟು ಕೆಲಸಕ್ಕೆ ಹೋಗತೊಡಗಿ ಇನ್ನೂ ಒಂದು ಮಳೆಗಾಲವೂ ಕಳೆದಿರಲಿಲ್ಲ. ಅವನಿಗೆ ಮೊದಲ ಗುಟುಕು ಕುಡಿಸಿದ್ದೂ ಇದೇ ಊರು. ಮುನೇಶ್ವರನಿಗೆ ಸಾರಾಯಿ ಎರೆದು, ಮೀಸೆ ಚಿಗುರಿದ ಹುಡುಗರಿಗೆಲ್ಲ ತೀರ್ಥವೆಂದು ಕುಡಿಸುವುದು ಇಲ್ಲಿನ ಪದ್ಧತಿ.

"ಗುಡಿ ಎಲ್ಲೈತ್ಲಾ? ಗೋಡೆ ಇಲ್ಲ, ಸೂರಿಲ್ಲ," ಎಂದ ಚಿಕ್ಕಬೈರಪ್ಪ. "ಇನ್‌ಸ್ಪೆಕ್ಟರು ಬಂದೋಗೋಗಂಟ ಪೂಜೆ ನಿಲ್ಲುಸ್ತೀನಿ. ಪೂಜೆ ಇಲ್ದಿದ್ರೆ ಬರೀ ಕಲ್ಲು."

"ದೇವ್ರಿಗೇ ರಜಾ ಕೊಡ್ತೀಯೇನಪ್ಪಾ?" ಎಂದ ಲಕ್ಷ್ಮಯ್ಯ.

"ಅವ್ನಿಗೂ ಅಂಗಡಿ ಅತ್ರ ಆಯ್ತದೆ ಬುಡು," ಎಂದ ವೆಂಕಟರಮಣಪ್ಪ. "ನಿಮ್ ದೇವ್ರೇನು ಕುಡಿಯಾಕಿಲ್ವಾ?"

ಆ ಮಾತು ಲಕ್ಷ್ಮಯ್ಯನನ್ನು ಫ್ಯಾಕ್ಟರಿ ಕೆಲಸದಲ್ಲೂ ಕೊರೆಯಿತು. ಅಂಗಡಿಯನ್ನು ಕಾನೂನು ತಡೆದೀತು. ದೇವರ ಹೆಸರಲ್ಲಿ ಮನೆಯೊಳಕ್ಕೆ ಬಂದ ಸಾರಾಯಿಯನ್ನು ತಡೆಯುವವರು ಯಾರು?

ಅಬಕಾರಿ ಇನ್‌ಸ್ಪೆಕ್ಟರ್ ಬಂದಾಗ ಕಲ್ಲಿನ ಮೇಲೆ ಕುಂಕುಮವಿರಲಿಲ್ಲ.

"ಇದೇನ್ರೀ, ಗುಡಿನಾ?"

"ದಾರಿ ಬದಿ ಕಲ್ಲು ಸ್ವಾಮಿ. ದನ ಮೈ ಉಜ್ಕತವೆ," ಎಂದ ಪೂಜಾರಿ.

ಅಷ್ಟರಲ್ಲಿ ಲಕ್ಷ್ಮಯ್ಯ ಒದ್ದೆ ಪಂಚೆಯಲ್ಲಿ ಚೊಂಬು ಹಿಡಿದು ಬಂದ. ಯಾರ ಮುಖವನ್ನೂ ನೋಡದೆ ಕಲ್ಲಿಗೆ ಅಭಿಷೇಕ ಮಾಡಿದ, ಕುಂಕುಮ ಹಚ್ಚಿದ, ಕರ್ಪೂರ ಬೆಳಗಿದ. ಕೃಷ್ಣಮ್ಮ ಬಂದು ಕೈಮುಗಿದಳು. ನಲ್ಲಿಯ ಹತ್ತಿರವಿದ್ದ ಹೆಂಗಸರೂ ಕೊಡ ಕೆಳಗಿಟ್ಟು ಒಬ್ಬೊಬ್ಬರಾಗಿ ಬಂದು ನಿಂತರು.

"ಪೂಜೆ ನಡೀತಿದೆಯಲ್ರೀ. ಇಲ್ಲಿ ಅಂಗಡಿ ಆಗಲ್ಲ," ಎಂದು ಇನ್‌ಸ್ಪೆಕ್ಟರ್ ಜೀಪು ಹತ್ತಿದರು.

ಚಿಕ್ಕಬೈರಪ್ಪ ಕಲ್ಲನ್ನು ಮೂಸಿ ನೋಡಿದ. ಸಾರಾಯಿಯ ವಾಸನೆಯೇ ಇರಲಿಲ್ಲ.

"ಚೊಂಬಲ್ಲಿ ಏನಿತ್ಲಾ?"

"ನೀರು ಕಣಪ್ಪಾ," ಎಂದಳು ಕೃಷ್ಣಮ್ಮ.

"ನಮ್ ತಾತನ ಕಾಲ್ದಿಂದ ಸಾರಾಯಿ ಕುಡ್ದ ದೇವ್ರಿಗೆ ನೀರು ಕುಡುಸ್ತೀಯಾ? ಇನ್ ಮ್ಯಾಕೆ ತೀರ್ಥಕ್ಕೆ ಯಾವನ್ಲಾ ಬತ್ತಾನೆ?"

ಲಕ್ಷ್ಮಯ್ಯ ಖಾಲಿ ಚೊಂಬನ್ನು ಅಕ್ಕನ ಕೈಗಿಟ್ಟು, ಫ್ಯಾಕ್ಟರಿಯ ದಾರಿ ಹಿಡಿದು ನಡೆದ.