ಒರಗುವ ಅಳತೆ

ಮೂರನೆಯ ಸಲ ಕೂರಿಸಿದಾಗಲೂ ವೆಂಕಟರತ್ನಮ್ಮನ ಬೆನ್ನಿಗೂ ಕುರ್ಚಿಯ ಬೆನ್ನಿಗೂ ನಡುವೆ ಒಂದು ಗೇಣು ಜಾಗ ಉಳಿದೇ ಇತ್ತು.

"ಒರಗ್ಕೊ" ಎಂದ ಶ್ರೀರಾಮಪ್ಪ.

"ಒರಗಿದೀನಲ್ಲ."

"ಎಲ್ಲಿ ಒರಗಿದೀಯ? ನನ್ನ ಕೈ ತೂರ್ತದೆ ಇಲ್ಲಿ."

ಅವನು ನಿಜವಾಗಿಯೂ ಕೈ ತೂರಿಸಿ ತೋರಿಸಿದ. ಹೆಂಡತಿ ಸ್ವಲ್ಪ ಹಿಂದಕ್ಕೆ ಸರಿದಳು. ಅವನು ಕೈ ತೆಗೆದೊಡನೆ ಮತ್ತೆ ಮುಂದಕ್ಕೆ ಬಂದಳು. ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಆಧಾರ್ ಕಾರ್ಡಿನ ಫೋಟೋಗೆ ಕೂತವಳ ಹಾಗೆ ನೆಟ್ಟಗೆ ಕೂತಿದ್ದಳು. ನಡುಮನೆಯ ಆಚೆ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶ್ರೀರಾಮಪ್ಪನ ಅಪ್ಪ ಮುನಿಯಲ್ಲಪ್ಪ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದ. ಎಂಬತ್ತೈದು ದಾಟಿದರೂ ಮುದುಕನ ಕಣ್ಣು, ನಾಲಿಗೆ ಎರಡೂ ಚುರುಕಾಗಿದ್ದವು.

"ಬಿಡೋ ಅವಳನ್ನ. ಹಸೆ ಮೇಲೆ ಮದ್ವೆ ಹೆಣ್ಣು ಕೂತಂಗೆ ಕೂತವಳೆ. ಇನ್ನೊಂದು ಗಳಿಗೆ ಬಿಟ್ರೆ ತಾಳಿ ಕಟ್ಟು ಅಂತಾಳೆ."

ಒಳಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತು, ಸೊಸೆ ಪವಿತ್ರ ನಕ್ಕದ್ದು ಕೇಳಿಸಿತು. ವೆಂಕಟರತ್ನಮ್ಮನೂ ಸೆರಗಿನ ಮರೆಯಲ್ಲಿ ನಕ್ಕಳು. ನಕ್ಕದ್ದಕ್ಕೇ ಉಸಿರು ಸಾಲದೆ, ಒಂದು ಕೈ ಎದೆಯ ಮೇಲಿಟ್ಟುಕೊಂಡು ಸುಮ್ಮನಾದಳು. ಶ್ರೀರಾಮಪ್ಪ ಬೇರೆ ಕಡೆ ನೋಡಿದ.

ನಾಲ್ಕು ತಿಂಗಳಿಂದ ಹೀಗೆ. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು, ಗುಂಡಿಗೆಗೆ ಶಕ್ತಿ ಕಡಿಮೆಯಾಗಿದೆ, ಅಂಗಾತ ಮಲಗಿದರೆ ಎದೆಯಲ್ಲಿ ನೀರು ತುಂಬಿದ ಹಾಗಾಗುತ್ತದೆ, ಅರ್ಧ ಕೂತು ಅರ್ಧ ಮಲಗಿದ ಹಾಗೆ ಇರಿಸಿ ಎಂದು ಹೇಳಿ, ತಮ್ಮ ಅಂಗೈಯನ್ನೇ ಓರೆ ಮಾಡಿ ತೋರಿಸಿದ್ದರು. "ಮಾತ್ರೆ ಮಾತ್ರೆಯ ಕೆಲಸ ಮಾಡುತ್ತೆ. ನಿದ್ದೆ ನಿದ್ದೆಯ ಕೆಲಸ ಮಾಡಬೇಕು. ಅದು ನಿಮ್ಮ ಕೈಲಿದೆ" ಎಂದಿದ್ದರು. ಮೂರು ದಿಂಬು ಇಟ್ಟರು, ಜಾರಿದವು. ಮಗ ನರೇಶ್ ಮಡಚುವ ಕಬ್ಬಿಣದ ಕುರ್ಚಿ ತಂದ. ಅದರಲ್ಲಿ ಅವಳ ಕಾಲು ನೆಲಕ್ಕೆ ಸಿಗಲಿಲ್ಲ, ತೊಡೆಯ ಕೆಳಗೆ ಸರಳು ಒತ್ತಿ ಕೆಂಪು ಬರೆ ಎದ್ದಿತು. ಕೊನೆಗೆ ಅವಳು ಗೋಡೆಗೆ ಒರಗಿ ಕೂತು, ಕತ್ತು ಜೋಲಿದಾಗಲೆಲ್ಲ ಎಚ್ಚರಗೊಳ್ಳುತ್ತ, ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು ದಿನ ದೂಡತೊಡಗಿದ್ದಳು. ಹೀಗೇ ನಿದ್ದೆ ಇಲ್ಲದೆ ಇನ್ನೆಷ್ಟು ದಿನ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಶ್ರೀರಾಮಪ್ಪನಿಗೆ ಮರಗೆಲಸ ಕುಲಕಸುಬಲ್ಲ. ಹುಡುಗನಾಗಿದ್ದಾಗ ದೇವರಾಯಸಮುದ್ರದ ಸೋದರಮಾವನ ಮನೆಯಲ್ಲಿದ್ದು, ಪಕ್ಕದ ಆಚಾರಿಯ ಹತ್ತಿರ ಗರಗಸ ಹಿಡಿಯುವುದನ್ನು ಕಲಿತಿದ್ದ. ಆಮೇಲೆ ಹುತ್ತೂರಿನ ಸುತ್ತಮುತ್ತ ಅರ್ಧಕ್ಕರ್ಧ ಹುಳುಮನೆಗಳಲ್ಲಿ ರೇಷ್ಮೆಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡುಗಳು ಅವನ ಕೈಯಿಂದಲೇ ಆದವು. ಸ್ಟ್ಯಾಂಡು ಅಲ್ಲಾಡಬಾರದು. ಅಲ್ಲಾಡಿದರೆ ಹುಳು ಮೇವು ಬಿಡುತ್ತದೆ. ಅಷ್ಟೇ ಅವನು ಕಲಿತ ಶಾಸ್ತ್ರ. ನಲವತ್ತು ವರ್ಷ ಅಲ್ಲಾಡದ ವಸ್ತುಗಳನ್ನೇ ಮಾಡಿಕೊಂಡು ಬಂದವನಿಗೆ ಈಗ ಅಲ್ಲಾಡಲೇಬೇಕಾದ ಒಂದು ವಸ್ತು ಮಾಡುವ ಕೆಲಸ ಬಂದಿತ್ತು.

ಹಲಸಿನ ಮರ, ನವಾರ ಪಟ್ಟಿ, ಎರಡು ಕಬ್ಬಿಣದ ಸರಳು. ಮೊದಲು ಮಾಡಿದ್ದರಲ್ಲಿ ಬೆನ್ನಿನ ಚೌಕಟ್ಟಿಗೆ ಹಿಂದಿನಿಂದ ಒಂದು ಅಡ್ಡಪಟ್ಟಿ ಆನಿಸಿದ್ದ. ಇಳಿಸಬೇಕಾದರೆ ಯಾರಾದರೂ ಹಿಂದೆ ಬಂದು ಪಟ್ಟಿಯನ್ನು ಎತ್ತಿ ಇನ್ನೊಂದು ಕಚ್ಚಿಗೆ ಹಾಕಬೇಕಿತ್ತು. ವೆಂಕಟರತ್ನಮ್ಮ ಯಾರನ್ನೂ ಕರೆಯುವವಳಲ್ಲ. ಅದಕ್ಕೇ ಅದನ್ನು ಬಿಚ್ಚಿ, ಕಚ್ಚುಗಳನ್ನು ಕೈ ಇಡುವ ಹಲಗೆಗಳ ಅಡಿಗೆ ತಂದ. ಕೂತವರು ಎರಡೂ ಹಲಗೆಗಳನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿದರೆ ಸಾಕು, ಬೆನ್ನು ಒಂದು ಕಚ್ಚು ಇಳಿದು 'ಟಕ್' ಎಂದು ನಿಲ್ಲುತ್ತಿತ್ತು. ಬೆನ್ನು ಇಳಿದಷ್ಟೂ ಕಾಲಿನ ಹಲಗೆ ಮುಂದಕ್ಕೆ ಏಳುತ್ತಿತ್ತು. ಒಟ್ಟು ಐದು ಕಚ್ಚು. ಸರಿಯಾಗಿದೆಯೋ ನೋಡಲು ತಾನೇ ಕೂತವನು ಮೂರನೆಯ ಕಚ್ಚಿನಲ್ಲಿ ನಿದ್ದೆ ಹೋಗಿ ಗೊರಕೆ ಹೊಡೆದಿದ್ದ. ಪವಿತ್ರ ಅದನ್ನು ಫೋನಿನಲ್ಲಿ ಹಿಡಿದು ನರೇಶನಿಗೆ ಕಳಿಸಿದ್ದಳು.

ಅವನಿಗೆ ಬಂದ ನಿದ್ದೆ ಅವಳಿಗೆ ಬರಲಿಲ್ಲ. ಕೂರುವ ಹಲಗೆ ಎತ್ತರವಾಯಿತೇನೋ ಎಂದು ಕಾಲುಗಳನ್ನು ಒಂದು ಇಂಚು ಕೊಯ್ದ. ಕತ್ತಿಗೆ ದಿಂಬು ಹೊಲಿಸಿದ. ನವಾರವನ್ನು ಬಿಚ್ಚಿ ಸಡಿಲವಾಗಿ ನೇಯ್ದ. ಪ್ರತಿ ಸಲವೂ ಅವಳು "ಚೆನ್ನಾಗೈತೆ" ಎಂದಳು. ಅವಳ ಚೆನ್ನಾಗೈತೆಗಳಲ್ಲಿ ಬಗೆಗಳಿದ್ದವು. ಇದು, ನೆಂಟರ ಮನೆಯಲ್ಲಿ ಸಕ್ಕರೆ ಜಾಸ್ತಿಯಾದ ಕಾಫಿಗೆ ಹೇಳುವ ಚೆನ್ನಾಗೈತೆ.

ಆ ದಿನ ಅವಳು ಹುಳುಮನೆಗೆ ಹೋದ ಮೇಲೆ, ಶ್ರೀರಾಮಪ್ಪ ಉಳಿ ಹಿಡಿದುಕೊಂಡು ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಲ್ಲಿ ಕೆತ್ತಬೇಕೆಂದು ಗೊತ್ತಾಗಲಿಲ್ಲ. ಪವಿತ್ರ ಕತ್ತಿಗೆ ಟೇಪು ಹಾಕಿಕೊಂಡೇ ಬಂದು ಬಾಗಿಲಿಗೆ ಒರಗಿ ನಿಂತಳು.

"ಮಾವ, ತಪ್ಪು ಮರದಲ್ಲಿಲ್ಲ."

"ಮತ್ತೆಲ್ಲಮ್ಮ ಐತೆ?"

"ಅಳತೇಲಿ. ಬ್ಲೌಸ್ ಅಳತೆ ಕೊಡೋಕೆ ಬರ್ತಾರಲ್ಲ, ಟೇಪ್ ಹಿಡಿದ ತಕ್ಷಣ ಎಲ್ರೂ ಹೊಟ್ಟೆ ಒಳಕ್ಕೆ ಎಳ್ಕೊಂತಾರೆ. ಹಂಗೇ ಹೊಲಿದ್ರೆ ಊಟ ಮಾಡಿದ್ಮೇಲೆ ಹುಕ್ಕು ಹಾಕೋಕಾಗಲ್ಲ. ಅದಕ್ಕೇ ನಾನು ಏನಾದ್ರೂ ಮಾತಿಗೆಳೆದು, ಅವ್ರು ಮರೆತಾಗ ಅಳೀತೀನಿ." ಅವಳು ದನಿ ತಗ್ಗಿಸಿ, ಕಣ್ಣಲ್ಲೇ ತಾತನ ಕಡೆ ತೋರಿಸಿದಳು. "ನೀವು ತಾತನ ಎದುರಿಗೆ ಅತ್ತೇನ ಕೂರಿಸಿ ಅಳತೆ ತಗೊಂಡ್ರಿ. ತಾತನ ಸೊಸೆ ಅಳತೆ ಸಿಕ್ತು. ಅತ್ತೆ ಅಳತೆ ಸಿಗಲಿಲ್ಲ."

ಶ್ರೀರಾಮಪ್ಪ ಉಳಿಯನ್ನು ಕೆಳಗಿಟ್ಟ. ಮಾವನ ಎದುರಿಗೆ ಕಾಲು ಚಾಚಬಾರದು, ಬೆನ್ನು ಆನಿಸಬಾರದು ಎಂದು ವೆಂಕಟರತ್ನಮ್ಮನಿಗೆ ಈ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಅಮ್ಮ ಬದುಕಿದ್ದ ತನಕ ಹಾಗೆ ಇದ್ದಳು, ಇವಳೂ ಇದ್ದಳು. ಬಾಗಿಲಿಗೆ ಒರಗಿ ನಿಂತ ಪವಿತ್ರಳನ್ನು ಅವನು ಒಂದು ಸಲ ನೋಡಿದ. ಇವಳು ತನ್ನ ಎದುರಿಗೇ ಒರಗಿ ನಿಂತಿದ್ದಾಳೆ ಎಂಬುದು ಈಗ ಹೊಳೆಯಿತು. ಅದರಿಂದ ತನಗೆ ಏನೂ ಅನ್ನಿಸಿಲ್ಲ ಎಂಬುದೂ.

"ಮತ್ತೆ ಅವಳು ಎಲ್ಲಿ ಒರಗ್ತಾಳೆ?" ಎಂದು ಕೇಳಿದ.

"ಅದನ್ನ ನನ್ನ ಕೇಳ್ತೀರಾ? ನೀವು ಮದ್ವೆ ಆಗಿರೋರು!"

ಮರುದಿನ ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅವನು ಹೆಂಡತಿಯನ್ನು ಹುಡುಕಿಕೊಂಡು ಹೋದ. ಹುಳುಮನೆಯಲ್ಲಿ ಇರಲಿಲ್ಲ. ಹಿಪ್ಪುನೇರಳೆ ತೋಟದ ಬದುವಿನಲ್ಲೂ ಇರಲಿಲ್ಲ. ಹುಳುಮನೆಯ ಹಿಂದೆ, ಹೊಸ ರಾಗಿ ಹುಲ್ಲಿನ ಮೆದೆಯ ಬಿಸಿಲಿನ ಮಗ್ಗುಲಲ್ಲಿ ಸಿಕ್ಕಳು.

ನಿದ್ದೆ ಹೋಗಿದ್ದಳು. ಮೆದೆಯ ಬುಡದಲ್ಲಿ ದನಗಳಿಗೆ ಹುಲ್ಲು ಹಿರಿದು ಹಿರಿದು ಒಂದು ಗೂಡಿನಂಥ ಜಾಗವಾಗಿತ್ತು. ಅದರೊಳಕ್ಕೆ ಬೆನ್ನು ಹಾಕಿ, ಇಡೀ ಮೈಯನ್ನು ಎಡಕ್ಕೆ ವಾಲಿಸಿ, ಕೆನ್ನೆಯನ್ನು ಹುಲ್ಲಿಗೆ ಕೊಟ್ಟಿದ್ದಳು. ಒಂದು ಕಾಲು ಮಡಚಿ ಕಲ್ಲಿನ ಮೇಲಿತ್ತು. ಇನ್ನೊಂದು ಚಾಚಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಸದ್ದಿಲ್ಲದೆ ಆಡುತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಇವಳು ಹಗಲು ಬೆಳಕಿನಲ್ಲಿ ನಿದ್ದೆ ಮಾಡಿದ್ದನ್ನು ತಾನು ನೋಡಿಲ್ಲ ಎಂದು ಅವನಿಗೆ ಅನ್ನಿಸಿತು. ಅವಳು ಎದ್ದ ಮೇಲೆ ತಾನು ಏಳುತ್ತಿದ್ದ. ಅವಳು ಮಲಗುವ ಮೊದಲೇ ದೀಪ ಆರುತ್ತಿತ್ತು. ಬೇರೆ ಯಾರದೋ ಹೆಂಡತಿಯನ್ನು ನೋಡುತ್ತಿರುವ ಹಾಗೆ ಅವನಿಗೆ ಸಂಕೋಚವಾಯಿತು. ಆದರೂ ಅಲ್ಲಿಂದ ಹೋಗಲಿಲ್ಲ.

ಜೇಬಿನಲ್ಲಿ ಸೆಣಬಿನ ದಾರವಿತ್ತು. ಅವನು ನೆಲಕ್ಕೆ ಕೂತು, ಅವಳ ಮೈಗೆ ತಾಗಿಸದೆ, ಹಿಮ್ಮಡಿಯಿಂದ ಮಂಡಿಗೆ ದಾರ ಹಿಡಿದು ಒಂದು ಗಂಟು ಹಾಕಿದ. ಮಂಡಿಯಿಂದ ಸೊಂಟಕ್ಕೆ ಇನ್ನೊಂದು. ಸೊಂಟದಿಂದ ಕತ್ತಿನ ಕುಳಿಗೆ ಮತ್ತೊಂದು. ಒಂದು ಕೋಳಿ ಹುಲ್ಲು ಕೆದಕುತ್ತ ಅವಳ ಪಾದದ ಹತ್ತಿರಕ್ಕೇ ಬಂತು. ಅವನು ಬಾಯಿ ಬಿಡದೆ, ಎರಡೂ ತೋಳುಗಳನ್ನು ಬೀಸಿ, ಹಲ್ಲು ಕಚ್ಚಿ ಅದನ್ನು ಬೆದರಿಸಿದ. ಕೋಳಿ ಅವನನ್ನೇ ನೋಡಿತು. ಆಮೇಲೆ ಕೂಗಿಕೊಂಡು ಓಡಿತು.

ವೆಂಕಟರತ್ನಮ್ಮ ಬೆಚ್ಚಿ ಎದ್ದು ಕೂತಳು. ಮೊದಲು ಕಾಲು ಎಳೆದುಕೊಂಡಳು, ಆಮೇಲೆ ಸೆರಗು.

"ಮಾವ ಬಂದ್ರಾ?"

"ಇಲ್ಲ, ಒಳಗವನೆ."

"ನೀವು ಯಾವಾಗ ಬಂದ್ರಿ?"

"ಈಗ."

ಅವಳು ಅವನ ಕೈಯಲ್ಲಿದ್ದ ದಾರವನ್ನೂ ಗಂಟುಗಳನ್ನೂ ನೋಡಿದಳು. ತಲೆಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಎಸಳನ್ನು ಅವನು ತೆಗೆಯಲು ಹೋದಾಗ ತಲೆ ಬಗ್ಗಿಸಿಕೊಟ್ಟಳು. ಅವಳು ಹುಳುವಿಗೆ ಸೊಪ್ಪು ಹಾಕಲು ಹೋದ ಮೇಲೆ, ಮೆದೆಯಲ್ಲಿ ಅವಳ ಮೈಯ ಗುಳಿ ಹಾಗೇ ಉಳಿದಿತ್ತು. ಅವನು ಒಂದು ಕಡ್ಡಿ ಮುರಿದುಕೊಂಡು ಬಂದು ಆ ಗುಳಿಯ ಆಳವನ್ನು ಅಂಗುಲ ಅಂಗುಲವಾಗಿ ಅಳೆದ. ಎಡಗಡೆ, ಪಕ್ಕೆಯ ಹತ್ತಿರ, ಬಲಗಡೆಗಿಂತ ಎರಡು ಬೆರಳು ಹೆಚ್ಚು ಆಳವಿತ್ತು.

ಇಡೀ ಕುರ್ಚಿ ಬಿಚ್ಚಿ ಮತ್ತೆ ಕಟ್ಟಲು ಐದು ದಿನ ಹಿಡಿಯಿತು. ಎಡಗೈ ಹಲಗೆಯನ್ನು ಕೆಳಗಿಳಿಸಿದ. ಬೆನ್ನಿನ ನವಾರವನ್ನು ಎಡಕ್ಕೆ ಸಡಿಲ, ಬಲಕ್ಕೆ ಬಿಗಿ ನೇಯ್ದ. ಕಾಲಿನ ಹಲಗೆಯನ್ನು ಎರಡು ಭಾಗ ಮಾಡಿ, ಒಂದನ್ನು ಎತ್ತರಿಸಿದ. ನೋಡುವವರಿಗೆ ಅದು ಮೇಲೆ ಗಾಡಿ ಹತ್ತಿಹೋದ ಕುರ್ಚಿಯಂತೆ ಕಾಣುತ್ತಿತ್ತು.

ಇಡುವುದೆಲ್ಲಿ ಎಂಬುದನ್ನು ಅವನು ಯೋಚಿಸಿರಲಿಲ್ಲ. ಅಡುಗೆಮನೆಯಲ್ಲಿ ಹೊಗೆ. ಒಳಕೋಣೆಯಲ್ಲಿ ಮಂಚ, ಹೊಲಿಗೆ ಯಂತ್ರ. ಹೊರಗೆ ಮೂಡಲ ಗಾಳಿ. ಉಳಿದದ್ದು ನಡುಮನೆ, ಮತ್ತೆ ಅಲ್ಲೇ, ಅಪ್ಪನ ಎದುರಿಗೇ. ವೆಂಕಟರತ್ನಮ್ಮ ಬಂದು ಕೂತಳು. ಕೈ ಹಲಗೆಯ ಮೇಲೆ ಇಟ್ಟಳು. ಎಡಗೈ ತಾನಾಗಿ ತನ್ನ ಜಾಗಕ್ಕೆ ಇಳಿದಾಗ ಅವಳು ಗಂಡನನ್ನು ನೋಡಿದಳು. ಒಂದು ಕ್ಷಣ ಅವಳ ಮುಖ ಸಡಿಲವಾಯಿತು. ಬೆನ್ನು ಹಿಂದಕ್ಕೆ ಹೋಗತೊಡಗಿತು. ಮುದುಕ ಮಗ್ಗುಲು ಬದಲಿಸಿದ. ಅವಳು ನೆಟ್ಟಗಾದಳು.

ಶ್ರೀರಾಮಪ್ಪ ಅಪ್ಪನ ಕಡೆ ತಿರುಗಿದ. ಎದ್ದು ಆಚೆ ಹೋಗು ಎಂದು ಅಪ್ಪನಿಗೆ ಹೇಳುವುದು ಹೇಗೆ? ಎಂಬತ್ತೈದು ವರ್ಷದವನನ್ನು ಈ ಚಳಿಯಲ್ಲಿ ಎಲ್ಲಿಗೆ ಕಳಿಸುವುದು?

"ಅಪ್ಪಾ..." ಎಂದ.

"ಏನ್ಲಾ?"

"ಏನಿಲ್ಲ. ಚಳಿ ಐತಾ?"

"ಐತೆ. ಧನುರ್ಮಾಸದಲ್ಲಿ ಸೆಕೆ ಇರ್ತದಾ?" ಮುದುಕ ಕೋಲು ಊರಿ ಎದ್ದ. "ಏನಮ್ಮಾ, ಎದ್ದೇಳು. ಹದಿನೈದು ದಿನದಿಂದ ಟಕಟಕ ಅಂತ ನನ್ನ ನಿದ್ದೆ ಕೆಡಿಸಿ ಅದೇನು ಮಾಡವ್ನೆ, ನಾನೂ ನೋಡೋಣ."

ವೆಂಕಟರತ್ನಮ್ಮ ಬಿಡುಗಡೆ ಸಿಕ್ಕವಳ ಹಾಗೆ ಎದ್ದಳು. ಮುನಿಯಲ್ಲಪ್ಪ ಕೂತು, ಹಲಗೆ ಎತ್ತಿದ. ಟಕ್. ಬೆನ್ನು ಇಳಿಯಿತು. ಮುದುಕನ ಮೈ ಎಡಕ್ಕೆ ಜಾರಿ, ಒಂದು ಕಾಲು ಮೇಲೆದ್ದಿತು.

"ಲೇ ಲೇ ಲೇ! ಹಿಡ್ಕೊಳೋ! ಇದು ಸೊಟ್ಟಗೈತಲ್ಲೋ! ಆಚಾರಿ ಅಲ್ಲದೋನು ಉಳಿ ಹಿಡಿದ್ರೆ ಹಿಂಗೇ."

"ಸೊಟ್ಟಗಿಲ್ಲ ಅಪ್ಪಾ." ಶ್ರೀರಾಮಪ್ಪ ಅವನ ತೋಳು ಹಿಡಿದ. "ಅದು ಅವಳ ಅಳತೆ."

"ಇದಾ?"

"ಹೂಂ. ಎಡಕ್ಕೆ ವಾಲಿ ಮಲಗ್ತಾಳೆ. ಒಂದು ಕಾಲು ಮಡಚಿ."

ವೆಂಕಟರತ್ನಮ್ಮ ಅಡುಗೆಮನೆಯ ಬಾಗಿಲ ಹಿಂದಕ್ಕೆ ಸರಿದಳು. "ಅಯ್ಯೋ, ಏನು ಮಾತು ಇವ್ರದು!" ಎಂದಳು, ಅಲ್ಲಿಂದಲೇ.

ಮುನಿಯಲ್ಲಪ್ಪ ಕುರ್ಚಿಯಲ್ಲಿ ಸೊಟ್ಟಗೆ ಹಾಗೇ ಇದ್ದ. ಬೆನ್ನ ಕೆಳಗಿನ ನವಾರವನ್ನು, ಅದು ತಗ್ಗಾದ ಕಡೆ, ಬೆರಳಲ್ಲಿ ಒತ್ತಿ ಒತ್ತಿ ನೋಡಿದ.

"ನಂಗೊತ್ತೇ ಇರಲಿಲ್ಲ" ಎಂದ.

ಮಗ ಎಬ್ಬಿಸಿ ನಿಲ್ಲಿಸಿದ. ಮುದುಕ ತನ್ನ ಪ್ಲಾಸ್ಟಿಕ್ ಕುರ್ಚಿಯ ಬಳಿಗೆ ಹೋಗಿ, ಅದರ ಬೆನ್ನು ಹಿಡಿದು, ಕರಕರ ಎಳೆದು, ಗೋಡೆಗೆ ಮುಖ ಮಾಡಿ ತಿರುಗಿಸಿ ಕೂತ. ಮೂಗಿನಿಂದ ಒಂದು ಮೊಳ ದೂರದಲ್ಲಿ ಸುಣ್ಣದ ಗೋಡೆ.

"ಅಲ್ಲೇನಪ್ಪಾ ಕಾಣ್ತದೆ ನಿಂಗೆ?"

"ಬೆಳಕು ಕಣ್ಣಿಗೆ ಹೊಡೀತದೆ ಕಣೋ ಆ ಕಡೆ. ನಿನ್ನ ಕೆಲಸ ನೋಡು ಹೋಗು." ಆಮೇಲೆ ಗೋಡೆಗೇ ಹೇಳುವವನ ಹಾಗೆ, ಯಲ್ದೂರಿನಿಂದ ಬಂದ ಸೊಸೆಯ ತವರಿನ ತೆಲುಗಿನಲ್ಲಿ ಹೇಳಿದ, "ಪಡುಕೋಮ್ಮಾ. ಮಲಕ್ಕೊ ಹೋಗು."

ಶ್ರೀರಾಮಪ್ಪ ಹೊರಬಾಗಿಲ ಹೊಸ್ತಿಲಿಗೆ ಹೋಗಿ ನಿಂತ, ಒಳಕ್ಕೆ ಬೆನ್ನು ಮಾಡಿ. ಒಳಗೆ ಬಳೆಯ ಸದ್ದಾಯಿತು. ನವಾರ ಕಿರುಗುಟ್ಟಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಟಕ್. ಅವನು ಉಸಿರು ಹಿಡಿದ. ಟಕ್. ಪವಿತ್ರಳ ಹೊಲಿಗೆ ಯಂತ್ರ ನಿಂತಿತು. ಮೂರನೆಯದು ಕೇಳಿಸಿತೋ, ತಾನೇ ಊಹಿಸಿಕೊಂಡನೋ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಒಂದೇ ಸಮನಾಗಿ, ಹಗುರವಾಗಿ, ಉಸಿರು ಕೇಳಿಸತೊಡಗಿತು.

ಎಷ್ಟೋ ಹೊತ್ತಿನ ಮೇಲೆ ಅವನು ಒಳಗೆ ಇಣುಕಿದ. ಅಪ್ಪನಿಗೆ ಕೆಮ್ಮು ಬಂದಿತ್ತು. ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದ, ಭುಜಗಳು ಕುಲುಕುತ್ತಿದ್ದವು. ಮುದುಕ ಮೆಲ್ಲಗೆ ಎದ್ದ. ಕೋಲನ್ನು ಮುಟ್ಟಲಿಲ್ಲ. ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಮುಖವನ್ನು ಗೋಡೆಯ ಕಡೆಗೇ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯುತ್ತ, ಎಲ್ಲೂ ಹಿಂದಿರುಗಿ ನೋಡದೆ ಹೊಸ್ತಿಲ ತನಕ ಬಂದ. ಶ್ರೀರಾಮಪ್ಪ ಕೈ ಕೊಟ್ಟು ಮೆಟ್ಟಿಲು ಇಳಿಸಿದ. ಮುನಿಯಲ್ಲಪ್ಪ ಅಂಗಳ ದಾಟಿ, ಬೇಲಿಯ ಹತ್ತಿರ ಹೋಗಿ, ಮನೆಗೆ ಬೆನ್ನು ಮಾಡಿ ನಿಂತು, ಆಮೇಲೆ ಕೆಮ್ಮಿದ.