ಹೊಟ್ಟೆಯೊಳಗಿನ ಗಡಿಯಾರ

"ಇವಳ ಹೊಟ್ಟೇಲೂ ಗಡಿಯಾರ ಬಿಟ್ಟು ಹೊಲಿದ್ಬುಟ್ರೆ ನೀನ್ ಬಂದು ತೆಗೀತೀಯೇನ್ಲಾ?" ಎಂದು ಚಿಕ್ಕಮುನಿಯಮ್ಮ ಕೇಳಿದಾಗ, ಮೂಲೆಯಲ್ಲಿದ್ದ ಒನಕೆಯನ್ನು ಎತ್ತಿ ಬೀದಿಗೆ ಒಗೆಯಬೇಕೆನ್ನಿಸಿತು ಕೆಂಚಪ್ಪನಿಗೆ.

ಅವನ ತಂಗಿ ತಿಮ್ಮಕ್ಕ ನಡುಮನೆಯ ಚಾಪೆಯ ಮೇಲೆ ಮಂಡಿ ಮಡಚಿಕೊಂಡು ಮಲಗಿದ್ದಳು. ಹೊಟ್ಟೆ ಬಸುರಿಯ ಹಾಗೆ ಉಬ್ಬಿತ್ತು; ಬಸುರಲ್ಲ. ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದವನು ಕೆಂಚಪ್ಪನೇ. ಒಳಗೆ ಗೆಡ್ಡೆ ಬೆಳೆದಿದೆ, ಕೊಯ್ದು ತೆಗೆಯಬೇಕು, ತಡಮಾಡಿದರೆ ಕೈಮೀರುತ್ತದೆ ಎಂದು ಅಲ್ಲಿನ ಲೇಡಿ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು. ಗಂಡನ ಮನೆಯವರು ಒಪ್ಪಬೇಕು. ಮಾವಳ್ಳಿಯ ಈ ಮನೆಯಲ್ಲಿ ಒಪ್ಪುವವಳು, ಒಪ್ಪದವಳು ಎಲ್ಲ ಅತ್ತೆ ಚಿಕ್ಕಮುನಿಯಮ್ಮನೇ. ತಿಮ್ಮಕ್ಕನ ಗಂಡ ರಾಮಾಂಜಿನಪ್ಪ ಕಂಬಕ್ಕೊರಗಿ ತಾಯಿಯ ಬಾಯಿಯನ್ನೇ ನೋಡುತ್ತಿದ್ದ.

"ಅತ್ತೆ, ಗಡಿಯಾರದ ಕತೆ ನಾನೇ ಕಟ್ಟಿದ್ದು. ತಮಾಷೆಗೆ."

"ಯಾವ್ದು ತಮಾಷೆ? ನನ್ ಕಣ್ಣಾರೆ ನೋಡಿವ್ನಿ. ಪರದೆ ಮ್ಯಾಲೆ ಆ ದೊರೆ ಡಾಕ್ಟ್ರು ಹೊಟ್ಟೆ ಕುಯ್ದ, ಹೊಲ್ದ, ಆಮೇಲೆ ಜೇಬು ತಡಕಾಡ್ದ. ಬಗ್ಗಿ ಹೊಟ್ಟೆಗೆ ಕಿವಿ ಕೊಟ್ಟ. ಟಿಕ್ ಟಿಕ್ ಅಂತೈತೆ ಅಂತ ನೀನೇ ಅಂದೆ."

ಅಂದದ್ದು ನಿಜ. ಚಾಮರಾಜಪೇಟೆಯ ಮೈದಾನದ ಟೆಂಟಿನಲ್ಲಿ ಇಂಗ್ಲಿಷ್ ಚಿತ್ರ ಬಂದಾಗ ಸದ್ದು ತಗ್ಗಿಸುತ್ತಿದ್ದರು. ಪರದೆಯ ಪಕ್ಕ ತಗಡಿನ ತುತ್ತೂರಿ ಹಿಡಿದು ನಿಂತ ಕೆಂಚಪ್ಪ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಅಪ್ಪ ಸತ್ತ ವರ್ಷ ಇಸ್ಕೂಲು ಬಿಟ್ಟವನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಆ ಆಸ್ಪತ್ರೆಯ ನಗೆಚಿತ್ರದಲ್ಲಿ ಡಾಕ್ಟರು ಹುಡುಕುವುದು ಏನನ್ನು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮೊದಲ ದಿನ ಬಾಯಿಗೆ ಬಂದದ್ದು ಗಡಿಯಾರ. ನೆಲದ ಮೇಲೆ ಕೂತವರು ಉರುಳಾಡಿ ನಕ್ಕರು. ಅವತ್ತಿನಿಂದ ಪೇಟೆಯ ಗಲ್ಲಿಗಲ್ಲಿಯಲ್ಲೂ ಅದೇ ಮಾತು. ಟೆಂಟಿನ ಯಜಮಾನ ಶಿವರುದ್ರಪ್ಪ ಜನರ ಬಾಯಿ ಕೇಳಿ ಅದೇ ಚಿತ್ರವನ್ನು ಮತ್ತೆ ತರಿಸಿದ್ದ.

"ಸುಳ್ಳು ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಅದು ಸುಳ್ಳು."

"ಅಷ್ಟು ಜನದ ಮುಂದೆ ತುತ್ತೂರೀಲಿ ಕೂಗಿದ್ದು ಸುಳ್ಳು, ಮೂಲೇಲಿ ಕುಂತು ನನ್ ಕಿವೀಲಿ ಊದೋದು ನಿಜವಾ?" ಮುದುಕಿ ಸೆರಗು ಕೊಡವಿದಳು. "ನಿಜ ಆದ್ರೆ ಅದ್ನೂ ಅಲ್ಲೇ ಹೇಳು. ನಾಕು ಜನ ಕೇಳ್ಲಿ. ಸಂಜೆ ನಾನೂ ಬತ್ತೀನಿ."

ತಿಮ್ಮಕ್ಕ ಕಣ್ಣು ಬಿಡದೆಯೇ ನರಳಿದಳು. ಈ ಮನೆ, ಈ ಮುದುಕಿ, ಮೀಸೆ ಹೊತ್ತು ನಿಂತ ಈ ಕಂಬದಂಥ ಗಂಡಸು ಎಲ್ಲಕ್ಕೂ ಬೆಂಕಿ ಬೀಳಲಿ ಎಂದುಕೊಳ್ಳುತ್ತ ಕೆಂಚಪ್ಪ ಎದ್ದ.

ಸಂಜೆ ಟೆಂಟು ತುಂಬಿತ್ತು. ಚಿಕ್ಕಮುನಿಯಮ್ಮ ಮಗನೊಂದಿಗೆ ಮುಂದೆಯೇ, ಮರಳಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು.

"ಗಡಿಯಾರದ ಹತ್ರ ಸ್ವಲ್ಪ ಎಳೀಬೇಕು ಕಣಯ್ಯಾ ಕೆಂಚಪ್ಪ," ಎಂದ ಶಿವರುದ್ರಪ್ಪ, ವಿಭೂತಿಯ ಹಣೆ ಒರೆಸಿಕೊಳ್ಳುತ್ತ. "ಜನ ಅದಕ್ಕೇ ಬಂದಿರೋದು."

ಕೆಂಚಪ್ಪ ಹೋಗಿ ಪರದೆಯ ಪಕ್ಕ ನಿಂತ.

ಪರದೆಯ ಮೇಲೆ ದಪ್ಪ ಡಾಕ್ಟರು ಗರಗಸ ಝಳಪಿಸುತ್ತ ಬಂದ. ನರ್ಸು ಜಾರಿ ಬಿದ್ದಳು. ಕೆಂಚಪ್ಪ ತುತ್ತೂರಿ ಎತ್ತಿದ.

"ಮೊದ್ಲು ಮೂಗಿನ ಹತ್ರ ಮದ್ದು ಹಿಡೀತಾರೆ. ನಿದ್ದೆ ಬರ್ತದೆ. ಕುಯ್ಯೋದು ಗೊತ್ತಾಗಲ್ಲ."

ಪರದೆಯ ಡಾಕ್ಟರು ಸುತ್ತಿಗೆ ತೆಗೆದು ರೋಗಿಯ ತಲೆಗೆ ಕುಟ್ಟಿದ. ಟೆಂಟು ಹೋ ಎಂದು ನಕ್ಕಿತು.

"ಸಾಮಾನೆಲ್ಲಾ ಬಿಸಿನೀರಲ್ಲಿ ಕುದಿಸಿರ್ತಾರೆ. ಗೆಡ್ಡೆ ತೆಗೀತಾರೆ. ಒಳಗೆ ಏನೂ ಉಳೀಲಿಲ್ಲ ಅಂತ ನೋಡ್ಕೊಂಡೇ ಹೊಲೀತಾರೆ."

ಡಾಕ್ಟರು ಜೇಬು ತಡಕಾಡಿದ, ಮೇಜಿನ ಕೆಳಗೆ ತೂರಿದ. ಜನ ಹೊಟ್ಟೆ ಹಿಡಿದುಕೊಂಡರು. ಇವನು ಮುಖ ಗಂಟಿಕ್ಕಿಕೊಂಡು ನಿಜ ಹೇಳಿದಷ್ಟೂ ಅವರ ನಗೆ ಏರುತ್ತಿತ್ತು. "ಏನ್ ಚಂದಾಗಿ ಹೇಳ್ತಾನೆ ಗುರೂ, ಹೊಸಾದು!" ಎಂದ ಬೆಂಚಿನವನೊಬ್ಬ. ಚಿಕ್ಕಮುನಿಯಮ್ಮನ ಬಾಯಲ್ಲೂ ಎಲೆಯಡಿಕೆಯ ಕೆಂಪು ನಗೆ.

ಕೆಂಚಪ್ಪನ ತಲೆಯೊಳಗೆ ಏನೋ ಸಿಡಿಯಿತು. ತುತ್ತೂರಿಯನ್ನು ಪರದೆಗೆ ಬೀಸಿ ಒಗೆದ. ಅದು ಡಾಕ್ಟರ ಬಿಳಿ ಹೊಟ್ಟೆಗೆ ಬಡಿದು, ತಗಡು ಕಿರುಚಿ, ಮರಳಿಗೆ ಬಿತ್ತು.

"ಯಾಕ್ರೋ ನಗ್ತೀರ? ಯಾರ್ ಹೊಟ್ಟೇಲೂ ಗಡಿಯಾರ ಇಲ್ಲ! ಅವ್ನೇನು ಹುಡುಕ್ತಾವ್ನೋ ನಂಗೊತ್ತಿಲ್ಲ, ನಂಗೆ ಇಂಗ್ಲಿಷ್ ಬರಾಕಿಲ್ಲ, ಇಷ್ಟು ದಿನ ನಿಮ್ಗೆ ಹೇಳಿದ್ದೆಲ್ಲಾ ಬರೀ ಬುರುಡೆ! ನನ್ ತಂಗಿ ಹೊಟ್ಟೇಲಿ ಗೆಡ್ಡೆ ಐತೆ. ನನ್ ಮಾತು ನಂಬ್ಕೊಂಡು ಆಸ್ಪತ್ರೆಗೆ ಕಳಿಸ್ತಿಲ್ಲ, ಮನೇಲಿ ಸಾಯ್ತಾವ್ಳೆ. ನಗ್ರೋ ಈಗ! ನಗ್ರಿ!"

ಯಾರೂ ನಗಲಿಲ್ಲ. ಯಂತ್ರವೊಂದೇ ಟರಟರ ಓಡುತ್ತಿತ್ತು. ಆಮೇಲೆ ಹಿಂದಿನಿಂದ ಸಿಳ್ಳೆ, ಬೈಗುಳ; ಕಡಲೆಕಾಯಿ ಸಿಪ್ಪೆ ಅವನ ಮುಖಕ್ಕೆ ಬಂದು ಬಿತ್ತು. ಶಿವರುದ್ರಪ್ಪ ಓಡಿ ಬಂದು ಅವನ ಕೊರಳಪಟ್ಟಿ ಹಿಡಿದ. "ಆಚೆಗ್ ನಡಿ! ನನ್ನ ಟೆಂಟ್ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ!"

"ಮುರೀರಿ ಯಜಮಾನ್ರೇ. ಅದನ್ನೂ ನೋಡಿ ನಗ್ತಾರೆ ಇವ್ರು."

ಹೊರಗೆ ಚಿಕ್ಕಮುನಿಯಮ್ಮ ಸೀರೆಗೆ ಹತ್ತಿದ ಮರಳು ಕೊಡವುತ್ತ ನಿಂತಿದ್ದಳು. ಅವನತ್ತ ನೋಡಲಿಲ್ಲ. "ಇಂಗ್ಲಿಷು ಬರಾಕಿಲ್ವಂತೆ," ಎಂದಳು, ಬೀದಿಗೆ ಹೇಳುವಂತೆ. "ಸುಳ್ಳು ಹೇಳ್ಕಂಡೇ ಇಷ್ಟುದ್ದ ಬೆಳ್ದವ್ನೆ. ಥೂ." ಆಮೇಲೆ ಮಗನ ಕಡೆ ತಿರುಗಿ ಗದರಿದಳು: "ಏನ್ಲಾ ಬಾಯಿ ಬಿಟ್ಕಂಡ್ ನಿಂತಿದೀಯ? ಬೆಳಿಗ್ಗೆಗೆ ದೊಡ್ಡಾಸ್ಪತ್ರೆಗೆ ಜಟಕಾ ಹೇಳ್ಬಾ ಹೋಗು."

ಬೆಳಗಿನ ಚಳಿಯಲ್ಲಿ ಜಟಕಾ ಬಂದು ನಿಂತಿತು. ಚಿಕ್ಕಮುನಿಯಮ್ಮ ಸುತ್ತಿದ ಚಾಪೆ, ಹಿತ್ತಾಳೆ ಚೊಂಬು, ಗಂಜಿಯ ಪಾತ್ರೆ ಒಳಗಿಟ್ಟು, ಎಲ್ಲಕ್ಕೂ ಎಲ್ಲರನ್ನೂ ಬೈಯುತ್ತ ಹತ್ತಿ ಕೂತಳು. ಕೆಂಚಪ್ಪ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಲಾಲ್‌ಬಾಗಿನ ಗೋಡೆಯ ಪಕ್ಕ ಗಾಡಿ ಕುಲುಕಿದಾಗ ತಿಮ್ಮಕ್ಕ ಹಲ್ಲು ಕಚ್ಚಿ ಅವನ ಕೈ ಹಿಡಿದಳು.

"ಅಣ್ಣಾ... ಆ ಗಡಿಯಾರದ್ದು ಹೇಳು. ಒಂದ್ಸಲ. ನಗು ಬಂದ್ರೆ ನೋವು ಮರೀಬೌದು."

ಕೆಂಚಪ್ಪ ಬಾಯಿ ತೆರೆದ. ಎದುರಿಗೆ ಕೂತ ಮುದುಕಿ ಚೊಂಬನ್ನು ಮಡಿಲಿಗೆ ಒತ್ತಿಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದಳು. ಟಾರು ರಸ್ತೆಯ ಮೇಲೆ ಕುದುರೆಯ ಲಾಳ ಟಕ್ ಟಕ್ ಎನ್ನುತ್ತಿತ್ತು.