ಗುರುವಾರದ ಬುತ್ತಿ

ಗಾಳೆಪ್ಪ ದೊಡ್ಡವ್ವ ಗದಿಗೆವ್ವನ ಮಣಿಕಟ್ಟು ಹಿಡಿದು ಕೂತಿದ್ದ. ಸುತ್ತ ನಿಂತವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಅವಳು ಸತ್ತದ್ದು ನಸುಕಿನಲ್ಲಿ, ಈಗ ಮಧ್ಯಾಹ್ನ. ಕೈ ಕೊರಡಿನ ಹಾಗಿತ್ತು. ಸತ್ತಿದ್ದಾಳೆಂದು ಯಳವತ್ತಿ ಊರಿನ ಕೂಸಿಗೂ ಗೊತ್ತಿತ್ತು. ಆದರೂ ಓಣಿಯ ಹಿರಿಯ ಮುದಕಪ್ಪ ಹಟ ಹಿಡಿದಿದ್ದ.

"ಮನ್ಯಾಗ ಡಾಕ್ಟರ ಇದ್ದಾಗ ಅವನ ಬಾಯಿಲೇ ಒಂದು ಮಾತು ಬರಲಿ. ನೋಡಿ ಹೇಳೋ ತಮ್ಮಾ, ಆಮ್ಯಾಲ ಎತ್ತತೀವಿ."

ನಾಡಿ ಎಲ್ಲಿ ಬಡಿಯುತ್ತದೆಂಬುದು ಗಾಳೆಪ್ಪನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

"ಹೋಗ್ಯಾಳ," ಅಂದ.

ಹೆಂಗಸರು ಮತ್ತೊಮ್ಮೆ ಹೋ ಎಂದು ಅತ್ತರು. ಮುದಕಪ್ಪ ಈಗ ಸಮಾಧಾನವಾದವನಂತೆ ತಲೆಯಾಡಿಸಿದ.

"ಧಾರವಾಡದಿಂದ ಇಷ್ಟು ಜಲ್ದಿ ಹೆಂಗ ಬಂದ್ಯೋ?"

"ಹಬ್ಬದ ಸೂಟಿ ಬಿಟ್ಟಿತ್ತು ಕಾಕಾ. ಏಕೀಕರಣದ ಮೆರವಣಿಗಿ ನೋಡಬೇಕಂತ ಗದಗಿನ್ಯಾಗ ಇಳದಿದ್ದೆ. ಅಲ್ಲೇ ಕಂಡಕ್ಟರ ಹೊಳೆಯಪ್ಪ ಖಬರ ಹೇಳಿದ."

ಸುಳ್ಳು ಅವನ ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಹೆಣದ ಮುಂದೆ ಕೂತೂ ತಡವರಿಸಲಿಲ್ಲ. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆ ಬಂತು. ಬಾಗಿಲಲ್ಲಿ ಖಾಕಿ ಅಂಗಿಯಲ್ಲಿ ನಿಂತಿದ್ದ ಹೊಳೆಯಪ್ಪ ನೆಲ ನೋಡಿದ.

"ನೋಡ್ರಿ, ಕನ್ನಡ ನಾಡೆಲ್ಲಾ ಕೂಡೂ ದಿನಾನ ಈಕಿ ಅಗಲಿದ್ಲು," ಅಂದ ಮುದಕಪ್ಪ. "ಏಳಪ್ಪಾ, ಮಣ್ಣು ಕೊಡಾವ ನೀನ. ಅಂಗಿ ತಗದು ಮೈಮ್ಯಾಲ ನೀರು ಹೊಯ್ಕೊ. ಮುಂದಿನ ಹೆಗಲು ನಿಂದ."

ಗಾಳೆಪ್ಪನ ಕೈ ಅಂಗಿಯ ಗುಂಡಿಯ ತನಕ ಹೋಗಿ ನಿಂತಿತು.

"ಅಂಗಿ ಇರಲಿ ಕಾಕಾ. ಜ್ವರ ಬಂದಂಗ ಆಗೇತಿ."

"ಓದಿದವ್ರ ಮೈ ಭಾಳ ಮೆತ್ತಗ! ಆತು, ಚಟ್ಟ ಕಟ್ಟೂತನಕ ಸುಧಾರಿಸ್ಕೊ. ಆದ್ರ ಅಂಗಿ ತಗೀಲಾರದ ಮಣ್ಣು ಕೊಡಾಕ ಬರಂಗಿಲ್ಲ."

ಆ ಅಂಗಿಯೊಳಗೆ, ಬಲಹೆಗಲ ಮೇಲೆ, ಎರಡು ವರ್ಷ ಹತ್ತಿ ತುಂಬಿದ ಅಂಡಿಗೆಗಳನ್ನು ಹೊತ್ತು ಕಪ್ಪಾಗಿ ಕಟ್ಟಿದ ಜಡ್ಡು ಇತ್ತು. ಹೊಲದಲ್ಲಿ ದುಡಿಯುವ ಆ ಜನಕ್ಕೆ ಅದನ್ನು ಗುರುತಿಸಲು ಯಾವ ಕಾಲೇಜಿಗೂ ಹೋಗಬೇಕಾಗಿರಲಿಲ್ಲ.

*

ಹೆರಿಗೆಯಲ್ಲಿ ತಂಗಿ ಸತ್ತಾಗ ಗದಿಗೆವ್ವ ಹಸಿಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಯಳವತ್ತಿಗೆ ತಂದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. "ಒಬ್ಬ ಡಾಕ್ಟರ ಇದ್ದಿದ್ರ ನಿಮ್ಮವ್ವ ಉಳೀತಿದ್ಲು," ಎಂದು ಅವನಿಗೆ ಉಣಿಸುವಾಗ, ಎರೆಯುವಾಗ, ಬೈಯುವಾಗ ಕೂಡ ಹೇಳುತ್ತಿದ್ದಳು. ಅದನ್ನೇ ಕೇಳಿ ಬೆಳೆದ ಹುಡುಗ ಇನ್ನೇನಾಗಬೇಕೆಂದಾನು?

ಗದಗಿನಲ್ಲಿ ಮೆಟ್ರಿಕ್ ಮೊದಲ ದರ್ಜೆಯಲ್ಲಿ ಪಾಸಾದ. ಧಾರವಾಡದ ಕಾಲೇಜಿಗೆ ಹೊರಟ ದಿನ ಅರ್ಧ ಊರು ಬಸ್ಸಿನ ತನಕ ಬಂದಿತ್ತು. ಅಲ್ಲಿ ಎಲ್ಲ ಪಾಠವೂ ಇಂಗ್ಲಿಷಿನಲ್ಲಿ. ಮೊದಲ ವರ್ಷ ಬಾಯಿಪಾಠ ಮಾಡಿ ದಾಟಿದ. ಎರಡನೆಯದು ಇಂಟರ್ ಸಾಯನ್ಸ್. ಅದರಲ್ಲಿ ಒಳ್ಳೆಯ ಅಂಕ ಬಂದರಷ್ಟೇ ಡಾಕ್ಟರಿ ಕಲಿಯಲು ಸೀಟು.

ಒಂದು ದಿನ ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಅಂಗಾತ ಮಲಗಿಸಿ ಎದೆ ಸೀಳಬೇಕಿತ್ತು. ಸೀಳಿದ ಮೇಲೂ ಅದರ ಗುಂಡಿಗೆ ಬಡಿಯುತ್ತಿತ್ತು. ಉಳಿದವರು ಸರಸರ ಚಿತ್ರ ಬರೆದುಕೊಂಡರು. ಗಾಳೆಪ್ಪ ಅದು ನಿಲ್ಲುವ ತನಕ ನೋಡುತ್ತ ನಿಂತ. ಗಂಟೆ ಬಾರಿಸಿದಾಗ ಅವನ ಹಾಳೆ ಖಾಲಿ ಇತ್ತು.

ಪರೀಕ್ಷೆಯಲ್ಲಿ ಒಮ್ಮೆ ಫೇಲಾದ. ಮತ್ತೆ ಕೂತ, ಮತ್ತೆ ಫೇಲಾದ. ಹೇಳಿಬಿಡಬೇಕೆಂದೇ ಊರಿಗೆ ಹೊರಟವನು ಗದಗಿನಲ್ಲಿ ರೈಲು ಇಳಿದ. ಬಸ್ಸು ಹತ್ತಲು ಕಾಲು ಬರಲಿಲ್ಲ. ಮರುದಿನ ಹತ್ತಿಯ ಗಿರಣಿಯಲ್ಲಿ ಹಮಾಲಿಗೆ ನಿಂತ. ಒಂದು ವಾರ ಬಿಟ್ಟು ಹೇಳಿದರಾಯಿತು ಅಂದುಕೊಂಡ. ಆ ಒಂದು ವಾರ ಎರಡು ವರ್ಷವಾಯಿತು.

ಗುರುವಾರಕ್ಕೊಮ್ಮೆ ಗದಿಗೆವ್ವ ಬುತ್ತಿ ಕಳಿಸುತ್ತಿದ್ದಳು. ಹಳೆಯ ಸೀರೆಯ ತುಂಡಿನಲ್ಲಿ ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾದ ಚಟ್ನಿ. ಮೊದಲು ಅದು ಬಸ್ಸಿನಲ್ಲಿ ಗದಗಿಗೆ ಬಂದು ರೈಲಿನಲ್ಲಿ ಧಾರವಾಡಕ್ಕೆ ಹೋಗುತ್ತಿತ್ತು. "ಇನ್ನ ಮ್ಯಾಲ ಇಲ್ಲೇ ನನ್ನ ಕೈಗೆ ಕೊಡೋ ಹೊಳೆಯಪ್ಪಾ. ಊರಾಗ ಬಾಯಿ ಬಿಡಬ್ಯಾಡ," ಎಂದು ಗಿರಣಿ ಸೇರಿದ ಮೇಲೆ ಗಾಳೆಪ್ಪ ಕಂಡಕ್ಟರನ ಕೈ ಹಿಡಿದುಕೊಂಡಿದ್ದ. ಕಳೆದ ಹೋಳಿಯ ಹೊತ್ತಿಗೆ ಇಪ್ಪತ್ತು ರೊಟ್ಟಿ ಮೂವತ್ತಾದವು. ಜೋಳ ಚಲೋ ಬಂದಿರಬೇಕು ಅಂದುಕೊಂಡ. ಹಸಿವಿತ್ತು, ತಿಂದ.

ಪಂಚಮಿಗೆ ಊರಿಗೆ ಹೋದಾಗ ದೊಡ್ಡವ್ವ ಸೊರಗಿ ಇಳಿದುಹೋಗಿದ್ದಳು. ಡಾಕ್ಟರನ ಹಾಗೆ ಏನಾದರೂ ಹೇಳಬೇಕಲ್ಲ! "ರಕ್ತ ಕಡಿಮಿ ಆಗೇತಿ. ಶೇಂಗಾ ಬೆಲ್ಲ ತಿನ್ನು," ಅಂದ. "ಆತಪ್ಪಾ," ಅಂದಳು ಗದಿಗೆವ್ವ, ಅವನನ್ನೇ ನೋಡುತ್ತ.

*

ಪಕ್ಕದ ಮನೆಯ ಸಾವಕ್ಕ ಅವನನ್ನು ಅಡುಗೆಮನೆಗೆ ಕರೆದಳು. ನಸುಕಿನಲ್ಲಿ ಗದಿಗೆವ್ವನ ಬಾಯಿಗೆ ನೀರು ಬಿಟ್ಟವಳು ಅವಳೇ.

"ಗಾಳೆಪ್ಪಾ, ಸಿಟ್ಟಾಗಬ್ಯಾಡ. ಎದಿಯಾಗಿನ ಗಂಟು ನಿನಗ ತೋರಿಸಿದ್ಲೋ ಇಲ್ಲೋ?"

"ಯಾವ ಗಂಟು?"

"ಅಯ್ಯ ಶಿವನ! ಎರಡು ವರ್ಷಾತು. ಮೊದಲು 'ನನ್ನ ಗಾಳೆಪ್ಪಗ ತೋರಿಸ್ತೀನಿ, ಅವ ಡಾಕ್ಟರ ಆಗ್ತಾನ' ಅಂತಿದ್ಲು. ಹೋಳಿ ಆದಮ್ಯಾಲ ಆ ಮಾತೂ ಬಿಟ್ಲು. ಗಾಡಿ ಹೂಡಸ್ತೀನಿ, ಗದಗಿನ ದೊಡ್ಡ ದವಾಖಾನಿಗೆ ಹೋಗೂಣು ಅಂದ್ರ, 'ಗದಗ ಒಂದ ಬ್ಯಾಡ ಸಾವಕ್ಕ' ಅಂತ ಕಣ್ಣಾಗ ನೀರು ತಂದ್ಲು. ಲಕ್ಷ್ಮೇಶ್ವರದಿಂದ ಬೇರು ತಂದು ತೇಯ್ದು ಹಚ್ಚಿದ್ವಿ. ಅದರಿಂದ ಏನಾಗತೈತಿ?"

ಸಾವಕ್ಕ ಗೂಟಕ್ಕೆ ತೂಗಿದ್ದ ಗಂಟನ್ನು ತೆಗೆದು ಅವನ ಕೈಗಿಟ್ಟಳು.

"ಇದು ಇವತ್ತಿನ ಬುತ್ತಿ. ನಿನ್ನೆ ಸಂಜೀಕ ಕುಂತ ರೊಟ್ಟಿ ಬಡದ್ಲು. ಹನ್ನೆರಡು ರೊಟ್ಟಿಗೆ ಕೈ ಸೋತ್ವು, ಉಳದವು ನಾ ಬಡದೆ. 'ಎಣಸು, ಮೂವತ್ತು ಆಗಬೇಕು' ಅಂದ್ಲು. ಕುಂತು ಓದೂ ಹುಡುಗಗ ಮೂವತ್ತು ಯಾಕ ಅಂದೆ. ಸುಮ್ಮನ ನಕ್ಳು."

ಅವಳು ಹೊರಗೆ ಹೋದ ಮೇಲೆ ಹೊಳೆಯಪ್ಪ ಒಳಗೆ ಬಂದ. ಟೊಪ್ಪಿಗೆ ಕೈಯಲ್ಲಿತ್ತು.

"ನಾ ನಿನಗ ಒಂದು ಮಾತು ಮುಚ್ಚಿಟ್ಟೇನಿ. ಆಕಿ ಆಣಿ ಹಾಕಿದ್ಲು," ಅಂದ. "ಹೋಳಿ ಹತ್ರ ಬುತ್ತಿ ತಾನ ಹಿಡಕೊಂಡು ನನ್ನ ಬಸ್ಸು ಹತ್ತಿದ್ಲು. ಧಾರವಾಡಕ್ಕ ಹೋಗಿ ಮಗಗ ಎದಿ ತೋರಿಸಬೇಕು ಅಂದ್ಲು. ನನಗ ಬಾಯಿ ಬಿಡಾಕ ಆಗಲಿಲ್ಲ. ಗದಗಿನ್ಯಾಗ ಇಳದು ಸ್ಟೇಶನ್ನಿಗೆ ಹೊಂಟಾಕಿ, ಗಿರಣಿ ಮುಂದ ನಿನ್ನ ನೋಡಿದ್ಲು. ಹೆಗಲ ಮ್ಯಾಲ ಅಂಡಿಗಿ ಇತ್ತು ನಿನಗ."

"ಮಾತಾಡಸಲಿಲ್ಲೇನು?"

"ಇಲ್ಲೋ. ಸೆರಗು ಮುಖಕ್ಕ ಎಳಕೊಂಡು ತಿರುಗಿ ಬಂದ್ಲು. ಊರು ಬರೂತನಕ ಬುತ್ತಿ ತೊಡಿ ಮ್ಯಾಲ ಇಟಗೊಂಡು ಕುಂತಿದ್ಲು. ಇಳಿಯೂ ಮುಂದ ಅಂದ್ಲು: 'ಇವತ್ತು ಬ್ಯಾಡ, ನಾಳೆ ಒಯ್ಯಿ. ಭಾರ ಹೊರೂ ಹುಡುಗಗ ಇಷ್ಟು ರೊಟ್ಟಿ ಸಾಲಂಗಿಲ್ಲ. ನಾ ನೋಡಿದ್ದು ಹೇಳಬ್ಯಾಡ ಹೊಳೆಯಪ್ಪಾ. ನಾಚಿಗಿ ಪಟ್ಕೊಂಡಾನ. ತಾನ ಹೇಳಲಿ.'"

ಗಾಳೆಪ್ಪ ಗಂಟು ಬಿಚ್ಚಿದ. ಮೂವತ್ತು ರೊಟ್ಟಿ. ಹನ್ನೆರಡು ತೆಳ್ಳಗೆ, ದುಂಡಗೆ, ಹದಿನೆಂಟು ದಪ್ಪ. ದವಾಖಾನೆ ಇದ್ದದ್ದು ಗದಗಿನಲ್ಲಿ. ಅವನು ಇದ್ದದ್ದೂ ಗದಗಿನಲ್ಲಿ. ಅವನ ಕಣ್ಣಿಗೆ ಬೀಳಬಾರದೆಂದು ಅವಳು ಏಳು ತಿಂಗಳು ಬೇರು ಹಚ್ಚಿಕೊಂಡು ಮಲಗಿದ್ದಳು. ಅವನು ಆ ರೊಟ್ಟಿಗಳ ಮೇಲೆ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತ. ಒಂದು ಮಾತು! ಒಂದೇ ಮಾತು ಹೇಳಿದ್ದರೆ ಅವಳು ಬದುಕುತ್ತಿದ್ದಳೇನೋ.

"ಚಟ್ಟ ತಯಾರಾತು, ಬರ್ರಿ," ಹೊರಗಿನಿಂದ ಮುದಕಪ್ಪನ ಕೂಗು.

ಗಾಳೆಪ್ಪ ಅಂಗಳಕ್ಕೆ ಬಂದ. ಎಲ್ಲರ ಮುಂದೆ ನಿಂತು ಅಂಗಿ ತೆಗೆದ. ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡ. ಅಳುತ್ತಿದ್ದ ಹೆಂಗಸರೂ ತಿರುಗಿ ನೋಡಿದರು.

"ಏನೋ ಅದು ಹೆಗಲ ಮ್ಯಾಲ?" ಮುದಕಪ್ಪ ಹತ್ತಿರ ಬಂದ.

"ಅಂಡಿಗಿ ಹೊತ್ತದ್ದು ಕಾಕಾ. ಎರಡು ವರ್ಷಾತು, ಗದಗಿನ್ಯಾಗ ಹಮಾಲಿ ಮಾಡಾಕತ್ತೇನಿ. ನಾ ಇಂಟರ್ ಫೇಲು. ಡಾಕ್ಟರ ಅಲ್ಲ, ಆಗಂಗೂ ಇಲ್ಲ. ದೊಡ್ಡವ್ವಗ ಗೊತ್ತಿತ್ತು. ನಿಮಗ ಗೊತ್ತಿರಲಿಲ್ಲ."

"ಊರಿಗೇ ಟೊಪ್ಪಿಗಿ ಹಾಕಿದ್ನಲ್ಲೋ ಮಗ!" ಯಾರೋ ಹಿಂದಿನಿಂದ ಅಂದರು. ಇನ್ನೊಬ್ಬ ಉಗುಳಿದ. ಸಾವಕ್ಕ ಹಣೆ ಬಡಿದುಕೊಂಡಳು. ಮುದಕಪ್ಪ ಮಾತ್ರ ಆ ಜಡ್ಡನ್ನು ಬಹಳ ಹೊತ್ತು ನೋಡಿದ.

"ಎತ್ರಿ," ಅಂದ ಕಡೆಗೆ.

ನಾಲ್ವರು ಬಾಗಿ ಎತ್ತಿದರು. ಉಳಿದ ಮೂವರ ಹೆಗಲ ಮೇಲೆ ಚಟ್ಟದ ಗಳ ಒತ್ತದಂತೆ ಮಡಿಚಿಟ್ಟ ವಲ್ಲಿಬಟ್ಟೆ ಇತ್ತು. ಮುದಕಪ್ಪ ತನ್ನ ವಲ್ಲಿಯನ್ನು ಮಡಿಚಿ ಗಾಳೆಪ್ಪನ ಹೆಗಲಿಗೆ, ಗಳದ ಕೆಳಗೆ, ಇಡಲು ಬಂದ. ಗಾಳೆಪ್ಪ ಬೇಡವೆಂದು ತಲೆಯಾಡಿಸಿದ. ಗಳ ಆಗಲೇ ಜಡ್ಡಿನ ಮೇಲೆ ಕೂತಿತ್ತು. ಗದಿಗೆವ್ವ ಒಂದು ಅಂಡಿಗೆಯ ಅರ್ಧ ಭಾರವೂ ಇರಲಿಲ್ಲ.